ಕ್ರೆಬ್ಸ್ ಮುದುಕನ ಕುರ್ಚಿ

ಆಗಸ್ಟ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡೂವರೆ. ಮಿಸಿಸಿಪಿ ನದಿ ದಂಡೆಯ ಒಂದು ಊರಿನ ಬೇಸ್‌ಬಾಲ್ ಮೈದಾನದಲ್ಲಿ ಆಟ ಆಗಷ್ಟೇ ಶುರುವಾಗಿತ್ತು. ಕಡಲೆಕಾಯಿ ಮಾರುವ ಆರಿನ್ ಟ್ಯಾಕೆಟ್ಟನ ಬೂಟಿನ ದಾರ ಬಿಚ್ಚಿಕೊಂಡಿತು. ಕಟ್ಟಿಕೊಳ್ಳಲೆಂದು ಖಾಲಿಯಿದ್ದ ಕುರ್ಚಿಯೊಂದರಲ್ಲಿ ಕೂತ. ಅದು ಸತ್ತ ಕ್ರೆಬ್ಸ್ ಮುದುಕನ ಕುರ್ಚಿ. ನಾಲ್ಕು ವರ್ಷದಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಆ ಬಿಸಿಲಲ್ಲೂ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

ಅವನು ಕೂತದ್ದೇ ತಡ, ಊರಿನ ಪಿಚರ್ ಕುಚೆರಾ ಎಸೆದ ಚೆಂಡಿಗೆ ಎದುರಾಳಿ ಔಟಾದ. ಹನ್ನೊಂದು ಪಂದ್ಯ ಸಾಲಾಗಿ ಸೋತಿದ್ದ ತಂಡ ಊರಿನದು. ಮೊದಲ ಇನಿಂಗ್ಸ್ ಮುಗಿದಾಗ ಹಲಗೆಯ ಮೇಲೆ ಎದುರಾಳಿಗೆ ಸೊನ್ನೆ ಬಿತ್ತು.

ಆರಿನ್ ಏಳಹೋದ. ಎಡಗಡೆ ಕೂತಿದ್ದ ಮುದುಕನ ಹೆಂಡತಿ ಹುಲ್ಡಾ ಅವನ ಭುಜ ಹಿಡಿದಳು.

"ಕೂತಿರಪ್ಪ. ಸೊನ್ನೆ ನಡೀತಿರೋವಾಗ ಯಾರೂ ಜಾಗ ಬಿಡಬಾರ್ದು."

"ಅಮ್ಮಾ, ನನ್ ಹುಡುಗಿ ವರ್ನಾ ಐದರ ರೈಲಿಗೆ ಊರೇ ಬಿಟ್ಟು ಹೊರಟಿದಾಳೆ. ಅಷ್ಟರೊಳಗೆ ಹೋಗಿ ಮದ್ವೆ ಆಗ್ತೀಯಾ ಅಂತ ಕೇಳಿದ್ರೆ ಉಳೀತಾಳೆ. ಇಲ್ದಿದ್ರೆ ಇಲ್ಲ."

"ಐದಕ್ಕೆ ತಾನೆ?" ಎಂದು ಬಲಗಡೆಯಿದ್ದ ಕ್ಷೌರಿಕ ಎಮೆಟ್ ಇನ್ನೊಂದು ಭುಜ ಅದುಮಿದ. "ಈಗ ಎದ್ರೆ ನಾಳೆ ನನ್ ಕತ್ತಿ ಕೆಳಗೆ ಕೂರೋ ಧೈರ್ಯ ಮಾಡ್ಬೇಡ."

ಮೂರನೇ ಇನಿಂಗ್ಸಿನಲ್ಲಿ ಆರಿನ್ ಒಂದು ಗೇಣು ಎದ್ದ. ಎದುರಾಳಿ ಹೊಡೆದ ಚೆಂಡು ಬೇಲಿ ದಾಟುವಂತೆ ಹಾರಿತು. ಜನ ಚೆಂಡು ನೋಡಲಿಲ್ಲ, ಇವನನ್ನು ನೋಡಿದರು. ಹೆದರಿ ಕೂತ. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಆದರೂ ಚೆಂಡು ಗೋಡೆಗೆ ತಾಗಿದಂತೆ ಆಕಾಶದಲ್ಲೇ ನಿಂತು, ನೇರ ಕೆಳಗಿದ್ದವನ ಕೈಗೆ ಬಿತ್ತು.

"ನೋಡ್ದಾ," ಎಂದಳು ಹುಲ್ಡಾ. "ನಮ್ ಯಜಮಾನ್ರು ಅವತ್ತು ಏಳನೇದ್ರಲ್ಲಿ ಎದ್ರು. ಅಲ್ಲೇ ಬಿದ್ರು. ಪಂದ್ಯಾನೂ ಹೋಯ್ತು." ಗಂಡ ಹೋದದ್ದಕ್ಕೋ ಪಂದ್ಯ ಹೋದದ್ದಕ್ಕೋ, ಕಣ್ಣೊರೆಸಿಕೊಂಡಳು.

ಆರನೆಯದರಲ್ಲಿ ಆರಿನ್ ಒಂದಕ್ಕೆ ಹೋಗಿ ಬರುತ್ತೇನೆಂದ. ಎಮೆಟ್ ಕಡಲೆಕಾಯಿಯ ಖಾಲಿ ಡಬ್ಬ ಮುಂದೆ ತಳ್ಳಿದ. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಸೊನ್ನೆ ಒಡೆಯುತ್ತದೆಂಬ ಭಯ. ಎರಡು ಸಾವಿರ ಜನ ಸ್ಮಶಾನದ ಕಲ್ಲುಗಳಂತೆ ಸಾಲಾಗಿ ಕೂತಿದ್ದರು.

ನಾಲ್ಕು ನಲವತ್ತಕ್ಕೆ ಒಂಬತ್ತನೇ, ಕೊನೆಯ ಸೊನ್ನೆ ಬಿತ್ತು. ಒಂದು ರನ್ನಿನ ಗೆಲುವು. ಜನ ಮೈದಾನಕ್ಕೆ ನುಗ್ಗಿದರು. ಟೋಪಿ ಹಾಕಿದ ಯಾರೋ ದೊಡ್ಡ ಮನುಷ್ಯ ಕುಚೆರಾನನ್ನು ಕಾರಿಗೆ ಹತ್ತಿಸಿಕೊಂಡ. ಹುಲ್ಡಾ ಎರಡೂ ಕೈ ಮೇಲೆತ್ತಿ ಕುಣಿದಳು. ಎಮೆಟ್ಟನ ಎರಡೂ ಕೈ ಆಕಾಶದಲ್ಲಿದ್ದವು.

ಆರಿನ್‌ಗೆ ಏಳಲಾಗಲಿಲ್ಲ. ಭುಜದ ಮೇಲೆ ಇನ್ನೂ ಒಂದು ಕೈ ಇತ್ತು.

"ಅಮ್ಮಾ, ಕೈ ತೆಗೀರಿ."

"ನನ್ ಕೈ ಇಲ್ಲಿದಾವಲ್ಲಪ್ಪ."

ಅವಳು ಅವನ ಭುಜವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಬಿಡ್ರೀ ಆ ಹುಡುಗನ್ನ. ಪಂದ್ಯ ಮುಗೀತು," ಎಂದಳು. ಹಿಡಿತ ಸಡಿಲಲಿಲ್ಲ. "ಕಿವಿ ಮಂದ ಅವ್ರಿಗೆ," ಎಂದು ಇವನಿಗೆ ಹೇಳಿ, ಇನ್ನೂ ಮೂರು ಸಲ ಕೂಗಿದಳು. ಬಿಟ್ಟಾಗ ಐದಕ್ಕೆ ಐದು ನಿಮಿಷ.

ಓಡಿ ಸ್ಟೇಷನ್ ಮುಟ್ಟಿದಾಗ ರೈಲಿನ ಬಾಲ ಕಾಣುತ್ತಿತ್ತು.

"ವರ್ನಾ ಬಾಗಿಲಲ್ಲೇ ನಿಂತಿದ್ಲು ಕಣೋ," ಎಂದ ಹಮಾಲಿ. "ನೀನು ಬರ್ತೀಯೇನೋ ಅಂತ. ಅಷ್ಟೊತ್ಗೆ ಕುಚೆರಾ ಬಂದ. ಒಂದೂ ರನ್ ಕೊಡ್ಲಿಲ್ಲ ಅಂತ ದೊಡ್ಡ ತಂಡದೋರು ಇವತ್ತೇ ಕರೆಸ್ಕೊಂಡ್ರಂತೆ. ಅವಳ ಪೆಟ್ಟಿಗೆ ಎತ್ತಿಟ್ಟು, ಪಕ್ಕದಲ್ಲೇ ಕೂತ."

ವರ್ನಾ ಮತ್ತು ಕುಚೆರಾನ ಮದುವೆಯ ಕಾಗದ ಅಕ್ಟೋಬರಿನಲ್ಲಿ ಬಂತು. ಇಬ್ಬರೂ ಊರು ಬಿಟ್ಟದ್ದು ಮಾತ್ರ ಆ ಭಾನುವಾರವೇ, ಆರಿನ್ ಕೂತೇ ಗೆಲ್ಲಿಸಿದ ದಿನ, ಐದರ ರೈಲಿಗೆ.