ಹಲ್ಲಿನ ಕುರ್ಚಿಯಲ್ಲಿ ಇಪ್ಪತ್ತೆರಡು ನಿಮಿಷದ ಹಾಡು

ಹಲ್ಲಿನ ಡಾಕ್ಟರ ಬದುಕಿನಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಕೆಲವರು ಕೇಳ್ತಾರೆ. ಬೇರೆ ಡಾಕ್ಟರದ್ದು ನನಗೆ ಗೊತ್ತಿಲ್ಲ. ನನಗಂತೂ ತಿಂಗಳಿಗೆ ಒಂದೆರಡು ಪ್ರಸಂಗಗಳಾದರೂ ಆಗುತ್ತಲೇ ಇರುತ್ತವೆ, ಮತ್ತು ಅದರಲ್ಲಿ ಮುಕ್ಕಾಲು ಪಾಲಿಗೆ ಕಾರಣ ಹಲ್ಲಲ್ಲ, ಒಂದು ಬ್ಯಾಂಡು.

ವಿಷಯ ಇಷ್ಟೇ. ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಗೆಳತಿಯೊಬ್ಬಳು ನನಗೆ ಒಂದು ಕ್ಯಾಸೆಟ್ ಕೊಟ್ಟಳು. ಎಲ್ಲೋ ಸಮುದ್ರದಾಚೆಯ ಐದು ಜನ. ತಮ್ಮ ಹಳ್ಳಿಯ ಹಳೇ ಹಾಡುಗಳನ್ನು ತೆಗೆದುಕೊಂಡು, ಅದಕ್ಕೆ ಕೊಳಲು, ಪಿಟೀಲು, ಗಿಟಾರು, ಡ್ರಮ್ಮು ಎಲ್ಲ ಹಾಕಿ, ಮಧ್ಯಮಧ್ಯ ತಾಳ ತಪ್ಪಿಸಿ, ಒಂದೊಂದು ಹಾಡನ್ನೂ ಕಾಲು ಗಂಟೆ, ಅರ್ಧ ಗಂಟೆ ಎಳೆಯುತ್ತಿದ್ದರು. ಅದಕ್ಕೆ ಪ್ರೋಗ್ರೆಸಿವ್ ಫೋಕ್ ರಾಕ್ ಅಂತಾರೆ ಅಂತ ಆಮೇಲೆ ಗೊತ್ತಾಯಿತು. ನಾನು ಮರುಳಾಗಿ ಹೋದೆ. ಆದರೆ ಆ ಪುಣ್ಯಾತ್ಮರು ಐದೇ ಆಲ್ಬಂ ಮಾಡಿ, ಜಗಳ ಆಡಿಕೊಂಡು, ಐದು ದಿಕ್ಕಿಗೆ ಹೋದರು. ಅವತ್ತಿನಿಂದ ಅವರ ಹಾಗೇ ನುಡಿಸುವ, ಯಾರಿಗೂ ಗೊತ್ತಿಲ್ಲದ ಬೇರೆ ಬ್ಯಾಂಡುಗಳನ್ನು ಹುಡುಕುವುದೇ ನನ್ನ ಚಟ. ಸಾಗರದಲ್ಲಿ ನನ್ನ ಕ್ಲಿನಿಕ್ಕು. ಗುರುವಾರ ಹೊಸನಗರ, ಶನಿವಾರ ತೀರ್ಥಹಳ್ಳಿ. ಮೂರೂ ಕಡೆ ಕುರ್ಚಿಯ ಪಕ್ಕ ಒಂದು ಸ್ಪೀಕರ್ ಇಟ್ಟುಕೊಂಡಿದ್ದೇನೆ. ನನ್ನ ಪೇಷಂಟುಗಳು ಬೇಡ ಅನ್ನುವ ಹಾಗಿಲ್ಲ. ಅವರ ಬಾಯಿ ನನ್ನ ಕೈಯಲ್ಲಿರುತ್ತೆ.

ಇನ್ನೂ ಮುಗಿದಿಲ್ಲ

ಸಾಗರದ ಒಬ್ಬರು ನಿವೃತ್ತ ಹೆಡ್‌ಮಾಸ್ಟರು ರೂಟ್ ಕೆನಾಲಿಗೆ ಬಂದರು. ಬಹಳ ಹೆದರಿದ್ದರು. ನಾನು ಧೈರ್ಯ ಹೇಳೋಣ ಅಂತ, ‘ಸರ್, ಒಂದು ಹಾಡು ಹಾಕ್ತೀನಿ. ಆ ಹಾಡು ಮುಗಿಯೋದ್ರೊಳಗೆ ನಿಮ್ಮ ಕೆಲಸ ಮುಗಿದಿರತ್ತೆ’ ಅಂದೆ.

ಅವರ ಮುಖ ಅರಳಿತು. ಒಂದು ಹಾಡು ಅಂದರೆ ನಾಲ್ಕು ನಿಮಿಷ ಅಂತ ಅವರ ಲೆಕ್ಕ. ನಾನು ಹಾಕಿದ್ದು ಇಪ್ಪತ್ತೆರಡು ನಿಮಿಷದ್ದು.

ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಸಂಗೀತ ನಿಂತಿತು. ಹೆಡ್‌ಮಾಸ್ಟರು ಏಳೋಕೆ ಹೊರಟರು. ನನ್ನ ಅಸಿಸ್ಟೆಂಟ್ ಹತ್ತಾರು ವರ್ಷದಿಂದ ನನ್ನ ಜೊತೆಗಿರುವ ಹೆಂಗಸು, ಹಾಡುಗಳೆಲ್ಲ ಬಾಯಿಪಾಠ. ಹೆಗಲು ಹಿಡಿದು ಮಲಗಿಸಿ, ‘ಇಲ್ಲ ಸರ್, ಇನ್ನೂ ಮುಗಿದಿಲ್ಲ, ಅವ್ರು ಉಸಿರು ತಗೋತಿದಾರೆ’ ಅಂದಳು. ಒಂಬತ್ತನೇ ನಿಮಿಷಕ್ಕೆ ಹಾಡಿನೊಳಗೆ ಒಂದು ಗಂಟೆ ಢಣ್ ಅಂದಿತು. ಮತ್ತೆ ಎದ್ದರು. ‘ಈಗ ಶುರು ಸರ್’ ಅಂದಳು. ಹಾಡು ನಿಜವಾಗಿ ಮುಗಿದಾಗ ಅವರು ನಂಬಲೇ ಇಲ್ಲ. ಕಣ್ಣು ಮುಚ್ಚಿಕೊಂಡು, ಬಾಯಿ ತೆರೆದುಕೊಂಡು ಮಲಗೇ ಇದ್ದರು. ‘ಏಳಿ ಸರ್’ ಅಂತ ಮೂರು ಸಲ ಕರೆಯಬೇಕಾಯಿತು.

ಬಾಯಿ ಮುಕ್ಕಳಿಸಿ ಉಗಿದು ಕೇಳಿದರು. ‘ಎಂತ ಡಾಕ್ಟ್ರೇ, ಈ ಹಾಡಿಗೆ ಪಲ್ಲವಿ ಅನ್ನದು ಇದ್ದಾ, ಇಲ್ಯಾ?’

‘ಇದೆ ಸರ್, ಹದಿನಾಲ್ಕನೇ ನಿಮಿಷದಲ್ಲಿ ಬಂತಲ್ಲ.’

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಒಂದು ತಿಂಗಳ ಮೇಲೆ ಇನ್ನೊಂದು ಹಲ್ಲು ಕಾಟ ಕೊಟ್ಟಾಗ ಫೋನ್ ಮಾಡಿ, ‘ಬತ್ತೆ. ಆದ್ರೆ ಹಾಡು ಹಾಕೋದಾದ್ರೆ ಎರಡು ಇಂಜೆಕ್ಷನ್ ಕೊಡ್ಬೇಕು. ಒಂದು ವಸಡಿಗೆ, ಒಂದು ಕಿವಿಗೆ’ ಅಂದರು.

ಕೆಂಪು ಕೋಟಿನವರು

ತೀರ್ಥಹಳ್ಳಿಯ ನನ್ನ ಕ್ಲಿನಿಕ್ಕಿನ ಕೆಳಗೆ ಒಂದು ಔಷಧಿ ಅಂಗಡಿ ಇದೆ. ಅದರ ಯಜಮಾನರಿಗೆ ಗೊತ್ತಿಲ್ಲದವರಿಲ್ಲ. ಅವರಿಗೂ ಒಂದು ಮಾತು ಹಾಕಿಡೋಣ ಅಂತ ಒಂದು ಶನಿವಾರ, ‘ನನಗೆ ಒಂದು ಬ್ಯಾಂಡ್ ಬೇಕಿತ್ತು. ಡ್ರಮ್ಮು, ಊದೋ ವಾದ್ಯ ಇರಬೇಕು. ಹೆಚ್ಚು ಜನಕ್ಕೆ ಗೊತ್ತಿರಬಾರದು’ ಅಂದೆ.

‘ಗೊತ್ತಿರೋದೇ ತಗೊಳ್ಳಿ ಮೇಡಂ, ಚೆನ್ನಾಗಿರತ್ತೆ.’

‘ಇಲ್ಲ, ಗೊತ್ತಿಲ್ಲದ್ದೇ ಬೇಕು.’

ಅವರು ಚೀಟಿಯಲ್ಲಿ ಏನೋ ಬರೆದುಕೊಂಡರು.

ಮುಂದಿನ ಶನಿವಾರ ಹೋದಾಗ ವೇಟಿಂಗ್ ರೂಮಿನಲ್ಲಿ ಕೆಂಪು ಕೋಟು, ಹೊಳೆಯುವ ಗುಂಡಿ ಹಾಕಿಕೊಂಡ ಮೂರು ಜನ ಕೂತಿದ್ದರು. ಒಬ್ಬರ ತೊಡೆಯ ಮೇಲೆ ತುತ್ತೂರಿ. ‘ಯಾರಿಗೆ ಹಲ್ಲು ನೋವು?’ ಅಂದೆ.

‘ಯಾರಿಗೂ ಇಲ್ಲ ಮೇಡಮ್ರೇ’ ಅಂತ ಹಿರಿಯರು ಎದ್ದು ನಿಂತು ಕೈಮುಗಿದರು. ‘ಮೆಡಿಕಲ್‌ನೋರು ಹೇಳಿ ಕಳ್ಸಿದ್ರು. ಯಾರಿಗೂ ಗೊತ್ತಿಲ್ಲದ ಬ್ಯಾಂಡು ಅಂದ್ರೆ ಈ ತಾಲ್ಲೂಕಲ್ಲಿ ನಾವೇ.’

ಅಷ್ಟು ಹೆಮ್ಮೆಯಿಂದ ಹೇಳಿದ ಮೇಲೆ ಬರಿಗೈಲಿ ಕಳಿಸೋಕೆ ಮನಸ್ಸಾಗಲಿಲ್ಲ. ಕಾಫಿ ತರಿಸಿ, ನನಗೆ ಬೇಕಾಗಿದ್ದು ಎಂಥದ್ದು ಅಂತ ಫೋನಿನಲ್ಲಿ ಒಂದು ಹಾಡು ಕೇಳಿಸಿದೆ. ಹಿರಿಯರು ಮೊಣಕಾಲಿನ ಮೇಲೆ ಬೆರಳು ತಟ್ಟುತ್ತಾ ಕೇಳಿದರು. ತಟ್ಟುವುದು ನಿಲ್ಲಿಸಿದರು. ಮತ್ತೆ ಮೊದಲಿಂದ ತಟ್ಟಿದರು.

‘ಇದು ಏಳು ಎಣಿಕೆ ಮೇಡಮ್ರೇ’ ಅಂದರು. ಅಷ್ಟು ವರ್ಷದಲ್ಲಿ ಅದನ್ನು ಹಿಡಿದವರು ಅವರೊಬ್ಬರೇ. ನನಗೆ ಕುಣಿಯುವಷ್ಟು ಖುಷಿ. ‘ಹೌದು! ನೀವು ನುಡಿಸ್ತೀರಾ?’

‘ನುಡಿಸಬೋದು. ಆದ್ರೆ ಮೆರವಣಿಗೇಲಿ ಆಗಲ್ಲ. ಮನುಷ್ಯನಿಗೆ ಇರೋದು ಎರಡು ಕಾಲು, ಇದಕ್ಕೆ ಮೂರೂವರೆ ಬೇಕು. ಛತ್ರ ಮುಟ್ಟೋ ಹೊತ್ತಿಗೆ ಮದುಮಗನ ಕಾಲು ಉಳುಕಿರತ್ತೆ.’ ಆಮೇಲೆ ಏನೋ ಹೊಳೆದು ಅವರ ಕಣ್ಣು ಮಿಂಚಿತು. ‘ಹಾಂ, ಸಪ್ತಪದಿಗೆ ಆಗತ್ತೆ! ಏಳು ಹೆಜ್ಜೆ, ಏಳು ಎಣಿಕೆ. ಎಷ್ಟು ಹೊತ್ತಿನ ಹಾಡು?’

‘ಹದಿನೆಂಟು ನಿಮಿಷ.’

ಹಿರಿಯರು ತುತ್ತೂರಿ ಎತ್ತಿಕೊಂಡು ಎದ್ದರು. ‘ಬೇಡ ಬಿಡಿ. ಅಷ್ಟೊತ್ತು ಕೊಟ್ರೆ ಹುಡುಗಿ ಮನಸ್ಸು ಬದಲಾಯಿಸ್ತಾಳೆ.’

ನಿಮಗೆ ಇದೂ ಇಷ್ಟವಾಗಬಹುದು

ಮನುಷ್ಯರನ್ನು ಕೇಳಿ ಪ್ರಯೋಜನ ಇಲ್ಲ ಅಂತ ಫೋನಿನ ಆ್ಯಪನ್ನೇ ನಂಬಿದೆ. ನಾವು ಕೇಳಿದ್ದನ್ನು ನೋಡಿ ಅಂಥದ್ದೇ ಬೇರೆ ಹಾಡು ಅದೇ ಹುಡುಕಿಕೊಡುತ್ತದಲ್ಲ. ಒಂದು ಭಾನುವಾರ ಬೆಳಿಗ್ಗೆ ಏನೂ ಹೆಸರಿಲ್ಲದ ಒಂದು ಆಲ್ಬಂ ತೋರಿಸಿತು. ಚಿತ್ರ ಇಲ್ಲ, ನುಡಿಸಿದವರ ಹೆಸರಿಲ್ಲ. ಎಂಥ ಅಪರೂಪದ್ದು ಅಂತ ನನ್ನ ಎದೆ ಹೊಡೆದುಕೊಂಡಿತು. ಹೆಡ್‌ಫೋನ್ ಹಾಕಿಕೊಂಡು ಕೂತೆ.

ಒಂದೇ ಸ್ವರ. ಹಾಗೇ ಹಿಡಿದಿದ್ದರು. ಐದು ನಿಮಿಷ, ಹತ್ತು ನಿಮಿಷ. ಬಿಡಲೇ ಇಲ್ಲ. ಇಂಥ ಸಂಯಮ ನಾನು ಯಾವ ಬ್ಯಾಂಡಿನಲ್ಲೂ ಕೇಳಿರಲಿಲ್ಲ. ಹದಿನೆಂಟನೇ ನಿಮಿಷದಲ್ಲಿ ‘ಗರಕ್’ ಅಂತ ಒಂದು ಸದ್ದು ಬಂದು ಲಯ ನಿಧಾನವಾಯಿತು. ನನಗೆ ಮೈ ಜುಮ್ಮೆಂದಿತು. ನನ್ನ ಗಂಡ ಸ್ಕೂಲಿನಲ್ಲಿ ಭೂಗೋಳ ಮೇಷ್ಟ್ರು, ಅಲ್ಲೇ ಪೇಪರ್ ತಿದ್ದುತ್ತಿದ್ದರು. ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟು, ‘ಇಲ್ಲಿ ಕೇಳಿ, ಎಷ್ಟು ಚೆನ್ನಾಗಿ ತಾಳ ಬದಲಾಯಿಸಿದ್ರು!’ ಅಂದೆ.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ‘ಅದು ಟೇಬಲ್ ಫ್ಯಾನಿನ ಸದ್ದು. ಭಾನುವಾರ ಮಧ್ಯಾಹ್ನ ಕರೆಂಟ್ ಹೋದಾಗೆಲ್ಲ ನಿದ್ದೆಗೆ ಅಂತ ನಿನ್ನ ಫೋನಲ್ಲಿ ನಾನು ಹಾಕ್ಕೊಳ್ಳೋದು. ಅಲ್ಲಿ ಎರಡನೇ ಸ್ಪೀಡಿಗೆ ಬರತ್ತೆ.’

ಮನೆದೇವರು

ಇಂಥ ಹಾಡುಗಳ ಹುಚ್ಚಿನವರದ್ದೇ ಒಂದು ಆನ್‌ಲೈನ್ ಗುಂಪಿದೆ. ಅದರಲ್ಲಿ ಯಾವುದೋ ಚಳಿದೇಶದ, ಮೀನಿನ ದೋಣಿ ರಿಪೇರಿ ಮಾಡುವ ಒಬ್ಬ ಮುದುಕರು ನನಗೆ ಸ್ನೇಹ. ಇಂಟರ್‌ನೆಟ್ಟಿನಲ್ಲಿ ಎಲ್ಲೂ ಇಲ್ಲದ ಒಂದು ಬ್ಯಾಂಡಿನ ಸಿಡಿಯನ್ನು ಅವರು ಸಾಗರದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದರು. ಕೈಗೆ ಬಂದ ಮೇಲೆ ಗೊತ್ತಾಯಿತು, ಅದನ್ನು ಹಾಕೋಕೆ ನಮ್ಮ ಮನೆಯಲ್ಲಿ ಏನೂ ಇಲ್ಲ. ಪರಿಚಯದವರ ಮನೆಗಳಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ಒಂದೇ ಕಡೆ. ಸಿಗಂದೂರಿಗೆ ಯಾತ್ರಿಕರನ್ನು ಕರೆದುಕೊಂಡು ಹೋಗುವ ಒಂದು ಹಳೇ ವ್ಯಾನಿನಲ್ಲಿ. ಅದರ ಡ್ರೈವರು ನನ್ನ ಪೇಷಂಟು, ಮುಂದಿನ ಎರಡು ಹಲ್ಲು ನಾನೇ ಕಟ್ಟಿದ್ದು. ಇಲ್ಲ ಅನ್ನಲಾರದೆ, ‘ನಾಳೆ ಟ್ರಿಪ್ ಐತೆ, ಮುಂದಿನ ಸೀಟಲ್ಲಿ ಕೂತ್ಕೊಂಡು ಕೇಳ್ಕಳಿ’ ಅಂದ.

ಹಿಂದಿನ ಸೀಟುಗಳಲ್ಲಿ ಬಯಲುಸೀಮೆಯಿಂದ ಬಂದ ಒಂದು ದೊಡ್ಡ ಕುಟುಂಬ. ಡ್ರೈವರ್ ಸಿಡಿ ಹಾಕಿದ. ಮೊದಲು ಯಾರೋ ಗುಹೆಯೊಳಗೆ ಗೊಣಗಿದಂತೆ ಬಂತು. ಆಮೇಲೆ ಡೊಳ್ಳಿನಂಥದ್ದು. ಆಮೇಲೆ ಒಬ್ಬ ಹೆಂಗಸು ಕಿಟಾರನೆ ಕೂಗಿದಳು. ನಾನು ತಲೆ ತಗ್ಗಿಸಿ ಕೂತೆ. ಈಗ ತೆಗೆಸುತ್ತಾರೆ, ಈಗ ಬೈಯುತ್ತಾರೆ ಅಂತ ಕಾದೆ.

ಒಬ್ಬರು ಅಜ್ಜಿ ಮುಂದೆ ಬಗ್ಗಿ ಡ್ರೈವರನ್ನು ಮೆಲ್ಲಗೆ ಕೇಳಿದರು. ‘ಯಾವ ದೇವ್ರ ಹಾಡೋ ತಮ್ಮಾ ಇದು?’

ಡ್ರೈವರ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ‘ಡಾಕ್ಟ್ರಮ್ಮನ ಮನೆದೇವ್ರದ್ದು ಅಜ್ಜಿ’ ಅಂದುಬಿಟ್ಟ.

‘ಭಾಳ ಉಗ್ರ ಐತಿ ಕಾಣ್ತೈತಿ’ ಅಂತ ಅಜ್ಜಿ ಸೆರಗು ಹೊದ್ದು ಕೈ ಮುಗಿದರು. ಅವರನ್ನು ನೋಡಿ ಉಳಿದವರೂ ಮುಗಿದರು. ಹೊಸ ಸೇತುವೆ ಮೇಲೆ ಹೋಗುವಾಗ ಹಿನ್ನೀರು ನೋಡಿ ಮಕ್ಕಳು ಕೂಗಿದರೆ, ‘ಸುಮ್ನಿರ‍್ರೋ, ದೇವಿ ಸಿಟ್ಟಾದಾಳು!’ ಅಂತ ಅಜ್ಜಿ ಗದರಿಸಿದರು. ಇಳಿಯುವಾಗ ಅಜ್ಜಿ ಸಿಡಿ ಪ್ಲೇಯರಿಗೆ ಕುಂಕುಮ ಹಚ್ಚಿ ಹೋದರು. ಈಗಲೂ ಅದು ಹಾಗೇ ಇದೆ. ಒರೆಸು ಮಾರಾಯ ಅಂದರೆ ಡ್ರೈವರ್, ‘ನಿಮ್ಮ ದೇವ್ರು, ನೀವೇ ಒರೆಸಿ’ ಅಂತಾನೆ.

ನೋವಾದರೆ ಎಡಗೈ ಎತ್ತಿ

ಇದು ಹೋದ ವರ್ಷದ್ದು, ಹೊಸನಗರದಲ್ಲಿ. ಆ ಹೊತ್ತಿಗೆ ನನಗೆ ಒಂದು ಹೊಸ ಬ್ಯಾಂಡು ಸಿಕ್ಕಿತ್ತು. ಹೊಸದೇನಲ್ಲ, ನಾನು ಹುಟ್ಟುವ ಮೊದಲಿನದು. ಒಂದೇ ಒಂದು ಆಲ್ಬಂ ಮಾಡಿ ಮಾಯವಾದ ನಾಲ್ಕು ಜನ. ಅದರಲ್ಲಿ ಕೊಳಲು ಊದುವವನೊಬ್ಬನಿದ್ದ. ಅವನ ಕೊಳಲು ಬಂದಾಗೆಲ್ಲ ನಾನು ಡ್ರಿಲ್ ನಿಲ್ಲಿಸಿ ಕೇಳುತ್ತಿದ್ದೆ. ಅವನು ಬದುಕಿದ್ದಾನೋ ಇಲ್ಲವೋ ಅಂತ ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಗುರುವಾರ ಕಾರ್ ಡ್ರೈವರೊಬ್ಬ ವಿದೇಶಿ ಮುದುಕರೊಬ್ಬರನ್ನು ಕರೆತಂದ. ಹತ್ತಿರದ ನಗರ ಅನ್ನೋ ಊರಿನ ಕೋಟೆ ನೋಡೋಕೆ ಹೋದವರು, ಅಲ್ಲಿ ಕೋಡುಬಳೆ ಕಡಿದು ಕೆಳಗಿನ ದವಡೆಹಲ್ಲು ಮುರಿದುಕೊಂಡಿದ್ದರು. ಕೀಳದೆ ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಶಿವಮೊಗ್ಗದಲ್ಲಿ ರೈಲು ಹಿಡಿಯಬೇಕು, ಬೇಗ ಆಗಲಿ ಅಂದರು. ‘ಮಾತಾಡಬೇಡಿ. ನೋವಾದ್ರೆ ಎಡಗೈ ಎತ್ತಿ’ ಅಂತ ಹೇಳಿ ಇಂಜೆಕ್ಷನ್ ಕೊಟ್ಟೆ. ಅಭ್ಯಾಸದಂತೆ ಆ ಆಲ್ಬಂ ಹಾಕಿ, ಬಾಯಿಯೊಳಗೆ ಕೈ ಇಟ್ಟೆ.

ತಕ್ಷಣ ಎಡಗೈ ಎತ್ತಿದರು.

ಇನ್ನೂ ಜೋಮು ಹಿಡಿದಿಲ್ಲ ಅಂತ ಮತ್ತೊಂದು ಇಂಜೆಕ್ಷನ್ ಕೊಟ್ಟೆ. ಮತ್ತೆ ಎಡಗೈ. ಈ ಸಲ ಜೋರಾಗಿ ಬೀಸಿದರು. ಪಾಪ, ಗಟ್ಟಿ ನರ ಅಂತ ತುಟಿಯ ಹತ್ತಿರ ಇನ್ನೊಂದು ಕೊಟ್ಟೆ. ಆಗ ಎರಡೂ ಕೈ ಎತ್ತಿದರು.

‘ಮೇಡಂ, ಅವ್ರು ಕೈ ಎತ್ತಿ ಸ್ಪೀಕರ್ ತೋರಿಸ್ತಿದಾರೆ’ ಅಂದಳು ಅಸಿಸ್ಟೆಂಟ್.

ಸದ್ದು ಕಿರಿಕಿರಿ ಆಯಿತೇನೋ ಅಂತ ಕಡಿಮೆ ಮಾಡಿದೆ. ಅವರು ಕುರ್ಚಿಯಿಂದ ಅರ್ಧ ಎದ್ದರು. ಜೋರು ಮಾಡಿದೆ. ಕೂತರು. ನಾಲಿಗೆ ತಿರುಗದೆ ‘ಆ ಫೂ… ಆ ಫೂ’ ಅಂತ ಏನೋ ಅಂದು, ನಾನು ಔಷಧಿ ಬರೆಯುವ ಚೀಟಿ ಪುಸ್ತಕ ಕಸಿದುಕೊಂಡು ಇಂಗ್ಲಿಷಿನಲ್ಲಿ ಬರೆದರು: ‘ಆ ಕೊಳಲು ನಾನು.’

ನಾನು ನಂಬಲಿಲ್ಲ. ಯಾರಾದರೂ ಹೇಗೆ ನಂಬುತ್ತಾರೆ? ಫೋನಿನಲ್ಲಿ ಆಲ್ಬಮ್ಮಿನ ಹೊದಿಕೆ ತೆಗೆದೆ. ಬಂಡೆ ಮೇಲೆ ಕೂತು ನಗುತ್ತಿರುವ ಉದ್ದಕೂದಲಿನ ನಾಲ್ಕು ಹುಡುಗರು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಆದರೆ ಕೊಳಲು ಹಿಡಿದವನ ಮೇಲಿನ ಎರಡು ಹಲ್ಲು ಒಂದರ ಹೆಗಲ ಮೇಲೆ ಒಂದು ಕೈ ಹಾಕಿದ ಹಾಗೆ ಕೂತಿದ್ದವು. ‘ಬಾಯಿ ತೆಗೀರಿ’ ಅಂದೆ. ತೆಗೆದರು. ಅವೇ ಹಲ್ಲು, ಹಾಗೇ ಕೂತಿದ್ದವು. ಮನುಷ್ಯರ ಮುಖ ಮರೀತೀನಿ, ಹಲ್ಲು ಮರೆಯಲ್ಲ.

‘ಯಾಕೆ ಒಂದೇ ಆಲ್ಬಂ? ಯಾಕೆ ನಿಲ್ಲಿಸಿದ್ರಿ?’

‘ಯಾರೂ ಕೇಳಲಿಲ್ಲ’ ಅಂತ ಬರೆದರು.

‘ನಾನು ಕೇಳ್ತೀನಿ. ಪ್ರತೀ ಗುರುವಾರ, ಇಲ್ಲಿ, ಹೊಸನಗರದಲ್ಲಿ.’

ಅವರ ಗಲ್ಲದ ಮೇಲೆ ನೀರಿಳಿಯಿತು. ಅದು ಕಣ್ಣಿಂದ ಬಂತೋ ಜೋಮು ಹಿಡಿದ ಬಾಯಿಂದ ಬಂತೋ ಗೊತ್ತಾಗಲಿಲ್ಲ. ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಬಿದಿರು ಕೊಳಲು ತೆಗೆದರು. ದಾರಿಯಲ್ಲಿ ಎಲ್ಲೋ ಕೊಂಡದ್ದಂತೆ. ನಿಮಗಾಗಿ ನುಡಿಸುತ್ತೇನೆ ಅಂತ ಸನ್ನೆ ಮಾಡಿದರು.

ಹಲ್ಲು ಕಿತ್ತ ಮೇಲೆ ಒಂದು ವಾರ ಊದಬಾರದು. ಗೋಡೆ ಮೇಲೆ ನಾನೇ ಬರೆದು ಹಾಕಿದ್ದೇನೆ. ರೈಲು ಕಾಯುವುದಿಲ್ಲ. ನುಡಿಸುವುದಾದರೆ ಈಗಲೇ, ಕೀಳುವ ಮೊದಲೇ. ಅಸಿಸ್ಟೆಂಟ್ ಫ್ಯಾನ್ ಆರಿಸಿದಳು. ನಾನು ಕೈಗವಸು ಬಿಚ್ಚಿ, ಕೈ ಕಟ್ಟಿ ನಿಂತೆ. ಅವರು ಕಣ್ಣು ಮುಚ್ಚಿ, ನೆಟ್ಟಗೆ ಕೂತು, ಕೊಳಲನ್ನು ತುಟಿಗಿಟ್ಟರು. ಮೂರು ಇಂಜೆಕ್ಷನ್ ಕೊಟ್ಟು ಆ ತುಟಿಗೆ ನಾನೇ ಜೋಮು ಹಿಡಿಸಿದ್ದೆ.

‘ಫ್ಸ್ಸ್… ಬ್ಳ… ಪುರ‍್ರ‍್ರ್…’

ಜೊಲ್ಲು ಕೊಳಲಿನ ಆರೂ ತೂತಿನಿಂದ ಇಳಿಯಿತು. ಅವರು ಬಿಡಲಿಲ್ಲ. ಕೆನ್ನೆ ಉಬ್ಬಿಸಿ, ಮುಖ ಕೆಂಪು ಮಾಡಿಕೊಂಡು, ಕುರ್ಚಿಯಿಂದ ಎದ್ದು ನಿಂತು ಊದಿದರು. ‘ಪುರ‍್ರ‍್ರ್!’

ಆಗ ಬಾಗಿಲು ಮೆಲ್ಲಗೆ ತೆರೆಯಿತು. ಸರದಿಯಲ್ಲಿ ಮುಂದಿದ್ದ, ಹಲ್ಲು ಕೀಳಿಸಲು ಬಂದಿದ್ದ ಒಬ್ಬರು ಅಜ್ಜಿ ಇಣುಕಿ ನೋಡಿದರು. ಬೆವರುತ್ತಾ ಊದುತ್ತಿದ್ದ ಆ ದೊಡ್ಡ ಮನುಷ್ಯರನ್ನು ನೋಡಿದರು, ಕೈ ಕಟ್ಟಿ ನಿಂತಿದ್ದ ನಮ್ಮಿಬ್ಬರನ್ನು ನೋಡಿದರು. ಆಮೇಲೆ ಬಹಳ ಸಂಕೋಚದಿಂದ ಕೇಳಿದರು.

‘ಡಾಕ್ಟ್ರಮ್ಮಾ, ಹಲ್ ಕೀಳ್ಸೋಕ್ ಮುಂಚೆ ಎಲ್ರೂ ಅದನ್ನ ಊದ್ಲೇಬೇಕಾ? ನಂಗೆ ದಮ್ಮು ಐತೆ. ಹಂಗೇ ಕಿತ್ತಾಕ್ಬಿಡಿ.’