ನಕ್ಷೆಯ ಮೇಲಿನ ನಿಂಬೆಹಣ್ಣು

ಕಡು ಬೇಸಿಗೆ. ಯುಗಾದಿ ಕಳೆದು ತಿಂಗಳಾಗುತ್ತ ಬಂದಿತ್ತು. ಅಂದು ಭಾನುವಾರ, ಇನ್ನೂ ಕೋಳಿ ಕೂಗದ ಹೊತ್ತು. ಸನತ್‌ನಗರದ ಕಾರ್ಮಿಕರ ಕೇರಿಯ ಕೊನೆಯ ಮನೆಯಿಂದ ಅಮರೇಶಪ್ಪ ಬೆಕ್ಕಿನ ಹೆಜ್ಜೆ ಇಡುತ್ತ ಹೊರಗೆ ಬಂದ. ಒಂದು ಕೈಯಲ್ಲಿ ಹೆಂಡತಿಯ ರಂಗೋಲಿ ಡಬ್ಬಿ, ಇನ್ನೊಂದರಲ್ಲಿ ಕುಂಕುಮದ ಪೊಟ್ಟಣ, ಧೋತರದ ಉಡಿಯಲ್ಲಿ ಒಣಮೆಣಸಿನಕಾಯಿ ಮತ್ತು ಒಂದು ನಿಂಬೆಹಣ್ಣು. ಅಂದು ಅಮಾವಾಸ್ಯೆ ಎಂಬುದು ಕೇರಿಗೆಲ್ಲ ಗೊತ್ತಿತ್ತು; ಅವನೊಬ್ಬನಿಗೆ ನೆನಪಿರಲಿಲ್ಲ.

ಅಮರೇಶಪ್ಪ ಹಗಲು ಬೋಲ್ಟಿನ ಕಾರ್ಖಾನೆಯಲ್ಲಿ ದುಡಿದು, ಸಂಜೆ ಕೇರಿಯ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದ. ಆ ಸಂಜೆಯ ಸಾಲೆ ನಡೆಸುವ ಸಂಘದ ಶಾಮಲಾಬಾಯಿ ಹೋದ ವಾರ ಬಂದು ಹೇಳಿದ್ದರು: "ಅಕ್ಷರ ಒಂದೇ ಸಾಲಂಗಿಲ್ಲ, ಅಮರೇಶಪ್ಪನವರ. ಕೇರಿಗೆ ಏನು ಕಡಿಮಿ ಅದ ಅಂತ ಜನ ತಾವೇ ಹುಡುಕಬೇಕು. ನೆಲದ ಮ್ಯಾಲೆ ಕೇರಿ ನಕ್ಷಾ ಬರೀಲಿ, ಕೈಗೆ ಸಿಕ್ಕದ್ದು ಇಟ್ಟು ಗುರುತು ಮಾಡ್ಲಿ. ನೀವು ನಡುವ ಬಾಯಿ ಹಾಕಬ್ಯಾಡ್ರಿ. ಅವರು ಏನಂತಾರೋ ಅದೇ ಕಡೀ ಮಾತು." ಭಾನುವಾರ ಸಂಜೆ ತಾವೇ ಬಂದು ನೋಡುತ್ತೇವೆ, ಎಲ್ಲರೂ ಒಮ್ಮತದಿಂದ ಕೇಳಿದರೆ ಸಂಘವೇ ಒಂದು ನಲ್ಲಿ ಹಾಕಿಸಿಕೊಡುತ್ತದೆ ಎಂದೂ ಹೇಳಿದ್ದರು.

ಕೇರಿಗೆ ಇದ್ದದ್ದು ಒಂದೇ ನಲ್ಲಿ, ಅದೂ ಆ ತುದಿಗೆ. ಅಲ್ಲಿಂದ ಈ ತುದಿಗೆ ಕೊಡ ಹೊತ್ತು ಬರುವಷ್ಟರಲ್ಲಿ ಅವನ ಹೆಂಡತಿ ಗುರುಬಾಯಿಯ ಸೊಂಟ ಸೋಲುತ್ತಿತ್ತು, ಬಾಯಿ ಹರಿತವಾಗುತ್ತಿತ್ತು. "ಊರ ಮಂದಿಗೆ ಬುದ್ಧಿ ಹೇಳ್ತೀರಿ. ಹೆಂಡ್ತಿಗೆ ಬಾಗಲಕ ಒಂದು ನಲ್ಲಿ ತರಸಾಕ ಆಗವಲ್ದು!"

ನಕ್ಷೆ ಬರೆಯಲು ಜನರಿಗೆ ಬಿಟ್ಟರೆ ಪ್ರತಿಯೊಬ್ಬರೂ ನಲ್ಲಿಯನ್ನು ತಮ್ಮ ತಮ್ಮ ಬಾಗಿಲಿಗೇ ಎಳೆದುಕೊಳ್ಳುತ್ತಾರೆಂಬುದು ಅಮರೇಶಪ್ಪನಿಗೆ ಗೊತ್ತಿತ್ತು. ನಡುವೆ ಬಾಯಿ ಹಾಕಬೇಡ ಎಂದಿದ್ದಾರೆ, ಮೊದಲೇ ಕೈ ಹಾಕಬೇಡ ಎಂದಿಲ್ಲವಲ್ಲ! ತನ್ನ ಮನೆಯ ಮುಂದೆ, ಮೂರು ದಾರಿ ಕೂಡುವ ಬಯಲಿನಲ್ಲಿ ಕುಳಿತು ರಂಗೋಲಿಯಿಂದ ಓಣಿಗಳನ್ನು ಎಳೆದ. ಮನೆಗೊಂದು ಮೆಣಸಿನಕಾಯಿ ಇಟ್ಟ. ಗಟಾರಕ್ಕೆ ಕುಂಕುಮ ಚೆಲ್ಲಿದ. ಬರಬೇಕಾದ ನಲ್ಲಿಯ ಗುರುತಿಗೆ, ತನ್ನ ಹೊಸ್ತಿಲ ಎದುರಿಗೇ, ನಿಂಬೆಹಣ್ಣನ್ನು ಕೂರಿಸಿದ. ಆಮೇಲೆ ಒಳಗೆ ಹೋಗಿ ಹಾಯಾಗಿ ಮಲಗಿದ.

ಎಚ್ಚರವಾದದ್ದು ಕೊಡ ಬಿದ್ದ ಸದ್ದಿಗೆ.

"ಬಾನಾಮತಿ! ಯಪ್ಪಾ, ಯಾರೋ ಕೇರಿಗೆ ಬಾನಾಮತಿ ಮಾಡ್ಯಾರಲ್ರೋ!" ಕೇರಿಗೆಲ್ಲ ಹಿರಿಯಳಾದ ಅಂಬವ್ವ ಎದೆ ಬಡಿದುಕೊಳ್ಳುತ್ತಿದ್ದಳು.

ಕ್ಷಣದಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಸೇರಿತು. ಪಕ್ಕದ ಮನೆಯ ಮಲ್ಲಣ್ಣ ಹೊಟ್ಟೆ ಹಿಡಿದುಕೊಂಡೇ ಬಂದ. "ಅದಕ್ಕ ರಾತ್ರಿಯಿಂದ ನನ್ನ ಹೊಟ್ಟಿ ಕಡ್ಯಾಕತ್ತೈತಿ!" ರಾತ್ರಿ ಅವನು ತಿಂದ ಮಿರ್ಚಿಭಜಿಯ ನೆನಪು ಭಜಿ ಮಾರುವವನಿಗೂ ಇತ್ತು, ಮಲ್ಲಣ್ಣನಿಗೆ ಇರಲಿಲ್ಲ.

ಅಮರೇಶಪ್ಪ ಕಣ್ಣುಜ್ಜುತ್ತ ಓಡಿಬಂದ. "ಮಾಟ ಅಲ್ಲಬೇ ಯವ್ವಾ! ನಾನ ಹಾಕೀನಿ. ನಕ್ಷಾ ಇದು, ನಕ್ಷಾ!"

ಅಂಬವ್ವನಿಗೆ ಕಿವಿ ಮಂದ. "ಕೇಳಿದ್ರ್ಯಾ? ನಕ್ಷತ್ರ ನೋಡಿ ಹಾಕ್ಯಾನಂತ! ಅಮಾವಾಸ್ಯಿ, ಮೂರು ದಾರಿ ಕೂಡೋ ಜಾಗಾ, ಮ್ಯಾಲೆ ನಕ್ಷತ್ರ ಬ್ಯಾರೆ!"

"ಈ ಮೆಣಸಿನಕಾಯಿ ಏನೋ?" ಮಲ್ಲಣ್ಣ ಬೆರಳು ಮಾಡಿದ.

"ಅದು ನಿನ್ನ ಮನಿ."

"ತೊಟ್ಟು ಮುರದೈತಲ್ಲೋ! ಎದಿ ಮ್ಯಾಲೆ ಕೈ ಇಟ್ಟು ಹೇಳು ಅಮರೇಶಾ, ನನ್ನ ಮನಿ ತೊಟ್ಟು ಯಾಕ ಮುರದಿ?"

ಅಷ್ಟರಲ್ಲಿ ಗುರುಬಾಯಿ ಬಾಗಿಲಿಗೆ ಬಂದು, "ನನ್ನ ನಿಂಬಿಹಣ್ಣು ಎಲ್ಲೈತ್ರಿ? ಮುಂಜಾನಿಂದ ಹುಡುಕಾಕತ್ತೀನಿ" ಎಂದಳು. ಇನ್ನು ಸಾಕ್ಷಿ ಬೇಕಿರಲಿಲ್ಲ.

ಎಲ್ಲವನ್ನೂ ಬಳಿದು ಒಗೆಯಲು ಅಮರೇಶಪ್ಪ ಬಗ್ಗಿದರೆ ಅಂಬವ್ವ ಚೀರಿದಳು. "ಮುಟ್ಟಬ್ಯಾಡ! ಹಾಕಿದ ಕೈಲೇ ತಗದ್ರ ಕೇರಿ ಉಳಿಯಂಗಿಲ್ಲ!"

ಹಾಗೆ ದಿನವಿಡೀ ಯಾರೂ ಅದನ್ನು ದಾಟಲಿಲ್ಲ. ಸುಡುಬಿಸಿಲಿನಲ್ಲಿ ನಿಂಬೆಹಣ್ಣು ದವಲತ್ತಿನ ಸಾಹುಕಾರನಂತೆ ಕುಳಿತೇ ಇತ್ತು. ಸುತ್ತ ಬೇವಿನ ನೆರಳಿನಲ್ಲಿ ಇಡೀ ಕೇರಿ ಕುಳಿತು ಪರಿಹಾರದ ಮಾತು ಆಡಿತು. ಹಾಕಿದ ಜಾಗದಲ್ಲೇ ಹರಿಯುವ ನೀರು ಬಿದ್ದರೆ ಮಾತ್ರ ಮಾಟ ತೊಳೆದುಹೋಗುತ್ತದೆ ಎಂದಳು ಅಂಬವ್ವ. ಹೊಸ್ತಿಲ ಮೇಲೆ ಒಂಟಿಯಾಗಿ ಕುಳಿತ ಅಮರೇಶಪ್ಪ ಅದನ್ನೇ ನೋಡುತ್ತಿದ್ದ. ಎಷ್ಟು ಸಂಜೆ ಮನೆಮನೆಗೆ ಹೋಗಿ ಕರೆದಿದ್ದ! ಒಬ್ಬರಿಗೆ ಅಡುಗೆ, ಒಬ್ಬರಿಗೆ ನಿದ್ದೆ. ಎಲ್ಲರೂ ಒಂದು ಕಡೆ ಕೂತು ಕೇರಿಯ ಒಳಿತನ್ನು ಯೋಚಿಸಿದ್ದನ್ನು ಅವನು ಕಂಡದ್ದು ಇದೇ ಮೊದಲು. ತನ್ನ ಮೇಲಿನ ಸಿಟ್ಟಿನಿಂದಲೇ ಆದರೂ ಕೂಡಿದರಲ್ಲ ಎಂದುಕೊಂಡ.

ಸಂಜೆ ಶಾಮಲಾಬಾಯಿ ಬಂದವರು ಬೆರಗಾಗಿ ನಿಂತರು. "ಏನ್ ಚಂದ ನಕ್ಷಾ! ಯಾರೂ ತುಳದಿಲ್ಲ, ದಾಟಿಲ್ಲ! ಎಷ್ಟು ಕೇರಿ ತಿರುಗೀನಿ, ಇಂಥಾ ಮರ್ಯಾದಿ ಎಲ್ಲೂ ನೋಡಿಲ್ಲ. ಹೇಳ್ರಿ, ಈ ಕೇರಿಗೆ ಏನು ಬೇಕಾಗೇದ?"

ಸೂಗಮ್ಮ ಎದ್ದು ನಿಂತಳು. ಸಂಜೆಯ ಸಾಲೆಗೆ ತಪ್ಪದೆ ಬಂದರೂ, ಹೆಸರು ಕೇಳಿದರೆ ಸೆರಗು ಕಚ್ಚುತ್ತಿದ್ದ ಹೆಂಗಸು ಅವಳು. ಇಂದು ಅವಳ ದನಿ ಬೇವಿನ ಮರದ ಕಾಗೆಗಳನ್ನೂ ಎಬ್ಬಿಸಿತು.

"ನೀರು ಬೇಕ್ರಿ ಅಕ್ಕಾರ. ಹರಿಯೋ ನೀರು. ಇಲ್ಲೇ, ಈ ನಿಂಬಿಹಣ್ಣಿನ ಜಾಗಾದಾಗ ನಲ್ಲಿ ಹಾಕಸ್ರಿ. ಬ್ಯಾರೆ ಕಡಿ ಒಲ್ಲಿವಿ."

"ಎಲ್ಲಾರ ಮಾತೂ ಇದೇ ಏನು?"

"ಹೌದ್ರಿ!" ಎಂದಿತು ಕೇರಿ, ಒಂದೇ ಕೊರಳಿನಿಂದ.

ಅಮರೇಶಪ್ಪನ ಎದೆ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. ನಲ್ಲಿ ತನ್ನ ಬಾಗಿಲಿಗೇ ಬಂತು! ಅದಕ್ಕಿಂತಲೂ, ಸೂಗಮ್ಮ ಮಾತಾಡಿದಳು! ಗುರುಬಾಯಿಯ ಮುಖವೂ ಎಷ್ಟೋ ದಿನಗಳ ಮೇಲೆ ಅರಳಿತು.

"ಇನ್ನೊಂದು ಮಾತೈತ್ರಿ," ಸೂಗಮ್ಮ ಕೂರಲಿಲ್ಲ. ಅಂಬವ್ವ ಹೇಳಿಕೊಟ್ಟಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: "ಇದನ್ನ ಹಾಕಿದವರು, ಅವರ ಮನಿಯವರು, ಆ ನಲ್ಲಿ ನೀರು ಮುಟ್ಟಬಾರದು. ಅವರಿಗೆ ಆ ತುದಿ ಹಳೇ ನಲ್ಲೀನ."

ಸೂಗಮ್ಮ ಬೆರಳು ತೋರಿದ ಅಮರೇಶಪ್ಪನ ಕಡೆ ಶಾಮಲಾಬಾಯಿ ತಿರುಗಿದರು. ಅವರ ಕಣ್ಣು ತುಂಬಿ ಬಂದಿತ್ತು. "ತಮಗ ಬ್ಯಾಡಂತ ಬಿಟ್ಟು ಕೇರಿಗೆ ಕೊಡಾಕತ್ತೀರೇನು? ಇಂಥಾ ತ್ಯಾಗಾ! ಜನರ ಮಾತೇ ಕಡೀ ಮಾತು. ನಿಮಗೂ ಒಪ್ಪಿಗಿ ಅದ ಅಲ್ಲ?"

ಬಾಯಿ ಹಾಕಬಾರದೆಂದು ಅವರೇ ಹೇಳಿದ್ದರು. ಇಡೀ ಕೇರಿ ತನ್ನನ್ನೇ ನೋಡುತ್ತಿತ್ತು. ಅಮರೇಶಪ್ಪ ಹೆಂಡತಿಯ ಕಡೆ ನೋಡದೆ ತಲೆಯಾಡಿಸಿದ. ಜನ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ಮಲ್ಲಣ್ಣ ತಟ್ಟಿದ, ಅವನ ಹೊಟ್ಟೆನೋವು ಆಗಲೇ ಇಳಿದಿತ್ತು.

ಮಳೆಗಾಲ ಹಿಡಿಯುವ ಮುಂಚೆ ನಲ್ಲಿ ಬಂತು, ಹೊಸ್ತಿಲಿಗೆ ಮೂಗು ತಾಗಿಸಿದಂತೆ. ಸೋಮವಾರ ಬೆಳಿಗ್ಗೆ ಮೊದಲ ನೀರು ಬಿಟ್ಟಾಗ ಕೇರಿಯ ಕೊಡಗಳೆಲ್ಲ ಗುರುಬಾಯಿಯ ಬಾಗಿಲನ್ನು ಒತ್ತಿ ನಿಂತವು. ಅವುಗಳ ನಡುವೆ ದಾರಿ ಮಾಡಿಕೊಂಡು ಅವಳು ತನ್ನ ಖಾಲಿ ಕೊಡದೊಂದಿಗೆ ಆ ತುದಿಗೆ ಹೋಗಿ ಬಂದಳು. ಅಂದು ಬೈಯಲಿಲ್ಲ, ಅಮರೇಶಪ್ಪ ಹೆದರಿದ್ದು ಅದಕ್ಕೇ.

ಮಂಗಳವಾರ ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಡಬಾರದೆಂದು ಅಂಬವ್ವ ಎಷ್ಟು ಹೇಳಿದರೂ ಕೇಳದೆ, ಗುರುಬಾಯಿ ಕಾಚಿಗೂಡ ಸ್ಟೇಷನ್ನಿನಲ್ಲಿ ರಾಯಚೂರಿನ ಕಡೆಯ ರೈಲು ಹತ್ತಿ ತವರಿಗೆ ಹೊರಟುಹೋದದ್ದು ಮರುದಿನ, ಮಂಗಳವಾರವೇ.