ಸಹಿ ಮಾಡಿ ಹಿಡಿದ ಮೀನು

ಸರ್ಕಾರಿ ಕಚೇರಿಯ ಗುಮಾಸ್ತ ನಗೆಪಾಟಲು ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಾನಾಗಿ ಫೈಲಿನೊಳಗೆ ಕೂತು ಟೇಬಲ್ಲಿಗೆ ಬರುತ್ತದೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯ ನಮ್ಮ ಕಚೇರಿಗೆ ಹಾಗೆ ಒಮ್ಮೆ ಸಮುದ್ರವೇ ಬಂತು.

೧. ಮೀನ ಮೇಷ

ಹಿಂದಿನ ವರ್ಷ ಇಲಾಖೆಯ ಆಟೋಟದಲ್ಲಿ ಕಾರವಾರದವರು ಕಬಡ್ಡಿಯಲ್ಲಿ ನಮ್ಮೆದುರು ಮಣ್ಣು ಮುಕ್ಕಿದ್ದರು. ಈ ಸಲ ಆಟೋಟ ಅವರ ಊರಲ್ಲೇ. ಸೇಡಿಗೆಂದು, ದೋಣಿಯಲ್ಲಿ ಹೋಗಿ ಗಾಳ ಹಾಕಿ ಮೀನು ಹಿಡಿಯುವ ಪಂದ್ಯ ಸೇರಿಸಿಬಿಟ್ಟರು. ತಂಡದಲ್ಲಿ ಮೂವರು ಇರಲೇಬೇಕು.

ಖಾನಾಪುರದಿಂದ ದಿನಾ ರೈಲಿಗೆ ಬರುತ್ತಿದ್ದ ಟೈಪಿಸ್ಟ್ ತಾನಾಗಿ ಮುಂದೆ ಬಂದ. ನಾನು ಲಿಂಗಾಯತ, ಆದರೆ ಕೆಲಸಕ್ಕೆ ಹೊಸಬ, ಇಲ್ಲ ಅನ್ನುವ ಧೈರ್ಯವಿರಲಿಲ್ಲ. ಮೂರನೆಯವರು ಹೆಡ್‌ಕ್ಲಾರ್ಕ್. ಅವರು ಜೈನರು, ಉಳ್ಳಾಗಡ್ಡಿಯನ್ನೂ ಮುಟ್ಟದವರು.

"ಮೀನ ಮೇಷ ಎಣಿಸಬ್ಯಾಡ್ರಿ, ಹೆಸರು ಬರೀರಿ," ಅಂದರು ಸಾಹೇಬರು.

"ಮೀನ, ಮೇಷ ಎರಡೂ ನಮಗ ನಡ್ಯೂದಿಲ್ರೀ ಸಾಹೇಬ್ರ."

ಸುಮ್ಮನೆ ದೋಣಿಯಲ್ಲಿ ಕೂತರೆ ಸಾಕು ಎಂದ ಮೇಲೆ ಹೆಡ್‌ಕ್ಲಾರ್ಕರು ಒಪ್ಪಿದರು. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು, "ಅವ್ವಗ ಆಫೀಸಿನ ಕೆಲಸ ಅಂತ ಹೇಳೀನಿ. ಖರೇ ಗೊತ್ತಾದರ ಮನ್ಯಾಗ ನೀರು ಸೈತ ಸಿಗೂದಿಲ್ಲ."

೨. ಸಂಸ್ಕಾರವಂತ ಹೊಳೆ

ಬೆಳಿಗ್ಗೆ ಮೋಡ ಕವಿದು ಗಾಳಿ ಎದ್ದಿತ್ತು. ಕಾರವಾರದ ತಂಡ ಆಕಾಶ ನೋಡಿ ದಂಡೆಯಲ್ಲೇ ಚಹಾ ಕುಡಿಯುತ್ತ ಕೂತಿತು. ನಮಗೆ ಆಕಾಶ ಓದಲು ಬರುತ್ತಿರಲಿಲ್ಲ, ಹೊರಟೇಬಿಟ್ಟೆವು.

"ಮಲಪ್ರಭಾದಾಗ ನನ್ನ ಸಪ್ಪಳ ಕೇಳಿದರ ಮೀನು ತಾವ ದಂಡಿಗೆ ಬರ್ತಾವ," ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದ ಟೈಪಿಸ್ಟ್ ಗಾಳಕ್ಕೆ ಸಿಗಡಿ ಚುಚ್ಚಿ ನೀರಿಗೆ ಬಿಟ್ಟ. ಮೂರನೇ ತೆರೆಗೆ ಅವನ ಬೆಳಗಿನ ಉಪ್ಪಿಟ್ಟೂ ನೀರಿಗೆ ಹೋಯಿತು. ಅದರ ಹಿಂದೆಯೇ ನನ್ನದು.

ದೋಣಿಯವ ಕೇಳಿದ, "ನಿಮ್ಮ ಹೊಳೆಯಲ್ಲಿ ತೆರೆ ಏಳೋದಿಲ್ವಾ?"

ಟೈಪಿಸ್ಟ್ ತಲೆ ಎತ್ತದೆಯೇ ಹೇಳಿದ, "ನಮ್ಮ ಹೊಳಿಗೆ ಸಂಸ್ಕಾರ ಐತಿ."

೩. ಸರ್ಕಾರಿ ಕೋಲು

ಗಾಳದ ಕೋಲು ಹೆಡ್‌ಕ್ಲಾರ್ಕರ ಕೈಗೆ ಬಂತು. "ಒಂದು ಗಳಿಗಿ ಹಿಡೀರಿ," ಎಂದು ಕೊಟ್ಟ ಟೈಪಿಸ್ಟ್ ಮತ್ತೆ ಏಳಲೇ ಇಲ್ಲ. ಆ ದೋಣಿಯಲ್ಲಿ ಹೊಟ್ಟೆ ನೆಟ್ಟಗಿದ್ದದ್ದು ಹೆಡ್‌ಕ್ಲಾರ್ಕರದು ಮಾತ್ರ. ಅವರು ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಿಂದ ತಮ್ಮ ಬುತ್ತಿಯ ಚಪಾತಿ ಮುರಿದು ಮುರಿದು ನೀರಿಗೆ ಹಾಕುತ್ತಿದ್ದರು. ಮೀನಿಗಾದರೂ ಪುಣ್ಯದ ಅನ್ನ ಸಿಗಲಿ ಅಂತ.

ಅಷ್ಟರಲ್ಲಿ ಕೋಲು ಬಿಲ್ಲಿನಂತೆ ಬಗ್ಗಿತು.

"ಬೇಡವಾದರೆ ಕೈ ಬಿಡಿ ಸ್ವಾಮಿ," ಅಂದ ದೋಣಿಯವ.

"ಹ್ಯಾಂಗ ಬಿಡ್ಲಿ? ಸರ್ಕಾರಿ ಕೋಲು, ನನ್ನ ಸಹಿ ಮ್ಯಾಲೆ ಬಂದೈತಿ."

ಆ ಸಹಿಗಾಗಿ ಅವರು ಕಾಲು ಗಂಟೆ ಜಗ್ಗಾಡಿದರು. ಕೊನೆಗೆ ಕೋಲಿನ ಜೊತೆ ಮೊಳದುದ್ದದ ಮೀನೂ ಮೇಲೆ ಬಂತು. ಪುಣ್ಯಾತ್ಮರು ಅದರ ಮುಂದೆ ಕೈ ಮುಗಿದರು.

೪. ಬಹುಮಾನ

ಬೇರೆ ಊರುಗಳ ತಂಡದ ದೋಣಿಗಳೆಲ್ಲ ಬರಿಗೈಲಿ ಬಂದಿದ್ದವು. ಮೀನು ತಂದವರು ನಾವೊಬ್ಬರೇ, ಅದೂ ಬಕೀಟಿನ ನೀರಲ್ಲಿಟ್ಟು, ಜೀವಂತ. ತೂಗಿ, ನಾವೇ ಗೆದ್ದೆವೆಂದು ಸಾರಿದರು. ಹೆಡ್‌ಕ್ಲಾರ್ಕರು ಮೀನನ್ನು ಕರವಸ್ತ್ರದಲ್ಲಿ ಎತ್ತಿಕೊಂಡು ನೀರಿಗೆ ಓಡುವಾಗ ಯಾರೋ ಫೋಟೋ ತೆಗೆದರು. ಮೀನು ಬಾಲ ಬಡಿದು ಹೋಯಿತು. ಮಸಾಲೆ ಅರೆದಿಟ್ಟಿದ್ದ ಕಾರವಾರದವರ ಮುಖ ನೋಡಿ ನನಗೆ ಕಬಡ್ಡಿ ಗೆದ್ದದ್ದಕ್ಕಿಂತ ಖುಷಿಯಾಯಿತು.

೫. ಅವ್ವ

ಮೂರನೇ ದಿನ ಫೋಟೋ ಬೆಳಗಾವಿಯ ಪೇಪರಿನಲ್ಲಿ ಬಂತು. ಹೆಡ್‌ಕ್ಲಾರ್ಕರ ಮುಖ ಸುಣ್ಣ ಬಳಿದಂತಾಯಿತು. "ಮೀನು ಬಿಟ್ಟಿದ್ದಕ್ಕ ಸಾಕ್ಷಿ ನೀನ, ನಡಿ," ಎಂದು ನನ್ನನ್ನು ಅದೇ ಊರಿನ ಶಹಾಪುರ ಪೇಟೆಯ ತಮ್ಮ ಮನೆಗೆ ಎಳೆದುಕೊಂಡು ಹೋದರು. ಅವ್ವ ಪೇಪರು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತಿದ್ದರು.

"ಅವ್ವಾರ, ಮೀನು ಜೀವಂತ ಹೋತ್ರೀ. ನಾನ ನೋಡೀನಿ," ಅಂದೆ.

"ಬಾಯಿಗೆ ಗಾಯ ಆಗಿತ್ತಿಲ್ಲೋ?"

"ಸಣ್ಣದ್ರೀ."

"ಅರಿಷಿಣ ಹಚ್ಚಿದ್ರೇನು?"

ಅವ್ವ ಎದ್ದು ಎರಡು ಲೋಟ ನೀರು ತಂದು ಮುಂದಿಟ್ಟರು. ಹೆಡ್‌ಕ್ಲಾರ್ಕರು ಸದ್ಯ ಬಚಾವಾದೆ ಎಂದುಕೊಂಡು ಲೋಟ ಬಾಯಿಗಿಟ್ಟರು.

"ಆ ಮೀನಿನ ಅವ್ವನೂ ಕೇಳಿರಬೇಕು, ಬಾಯಿಗೆ ಏನಾತೋ, ಎಲ್ಲಿ ಹೋಗಿದ್ದಿ ಅಂತ," ಅಂದರು ಅವ್ವ. "ಅದೂ ಹೇಳಿರತೈತಿ, ಆಫೀಸಿನ ಕೆಲಸ ಇತ್ತವ್ವಾ ಅಂತ."